ಕ್ಲೋರೋಫಾರ್ಮ್ ಸಂಶೋಧನೆಗೆ ಬೊಕ್ಕಸ ತೆರೆದ ನಿಜಾಮ

ಮಂಠಾಳ: ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಸೇರಿದಂತೆ ಇಂದಿನ ಬೀದರ್ ಜಿಲ್ಲೆಯ ಪ್ರದೇಶ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ವೈಭವಕ್ಕೂ ದಾನಶೀಲತೆಗೂ ಹೆಸರಾದವರು. ವಿಶ್ವದ ವೈದ್ಯಲೋಕದ ಗಮನ ಸೆಳೆದ ಸಂಶೋಧನೆಯೊಂದು ಅವರ ಸರ್ಕಾರದ ಬೆಂಬಲದಿಂದ ನಡೆಯಿತು ಎಂಬುದು ಹೆಚ್ಚು ಜನರಿಗೆ ತಿಳಿಯದು.

1866ರ ಆಗಸ್ಟ್ 17ರಂದು ಜನಿಸಿದ ಮಹಬೂಬ್, ತಂದೆಯ ನಿಧನಾನಂತರ 1869ರಲ್ಲಿ ಪಟ್ಟವೇರಿದಾಗ ಇನ್ನೂ ಮೂರು ವರ್ಷ ತುಂಬದ ಕೂಸು. ಆಡಳಿತದ ಹೊಣೆಯನ್ನು ದಿವಾನ ಸಾಲಾರ್ ಜಂಗ್ ಹಾಗೂ ಇತರರು ಹೊತ್ತರು. 1884ರಲ್ಲಿ ಮಹಬೂಬ್ ಪೂರ್ಣಾಧಿಕಾರ ಪಡೆದರು.

ಆ ದಿನಗಳಲ್ಲಿ ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಬಳಸಲಾಗುತ್ತಿತ್ತು. ಆದರೆ ಕೆಲವು ರೋಗಿಗಳು ಮೇಜಿನ ಮೇಲೆಯೇ ಅಸುನೀಗುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ, ಹೃದಯವೋ ಎಂಬುದೇ ವಿವಾದ. ವೈದ್ಯರು ಉಸಿರನ್ನು ಗಮನಿಸಬೇಕೇ, ನಾಡಿಯನ್ನೇ ಎಂಬ ನಿರ್ಧಾರ ಅದರ ಮೇಲೆ ನಿಂತಿತ್ತು.

ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಉಸಿರಿನ ಪಕ್ಷದವರು. 1888ರಲ್ಲಿ ಮೊದಲ ಆಯೋಗ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಅದನ್ನೇ ಸಮರ್ಥಿಸಿತು. ಲಂಡನ್‌ನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ದಿವಾನ ಆಸ್ಮಾನ್ ಜಾಹ್ ಅವರ ಆಡಳಿತದಲ್ಲಿದ್ದ ನಿಜಾಮ ಸರ್ಕಾರ ಪತ್ರಿಕೆಗೆ 1000 ಪೌಂಡ್ ನೀಡಿ, ಪ್ರತಿನಿಧಿಯನ್ನು ಕಳುಹಿಸುವಂತೆ ಕೋರಿತು. ಟೀಕಾಕಾರರನ್ನೇ ತನ್ನ ಖರ್ಚಿನಲ್ಲಿ ಪರೀಕ್ಷೆಗೆ ಆಹ್ವಾನಿಸಿದ್ದು ಈ ಪ್ರಸಂಗದ ಹಿರಿಮೆ.

1889ರಲ್ಲಿ ಪ್ರಸಿದ್ಧ ವೈದ್ಯ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ಎರಡನೇ ಆಯೋಗದ ಕೈಯಲ್ಲಿ ನಾಯಿ, ಕುದುರೆ, ಮಂಗ, ಆಡು, ಬೆಕ್ಕು, ಮೊಲ ಸೇರಿ 430 ಪ್ರಾಣಿಗಳು ಪ್ರಯೋಗಕ್ಕೆ ಒಳಗಾದವು. ಹೈದರಾಬಾದ್ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜೀ ಮುಂದೆ ಅರಿವಳಿಕೆ ನೀಡುವ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾಗಿ ಹೆಸರು ಮಾಡಿದರು.

ಎರಡನೇ ಆಯೋಗವೂ ಲಾರಿಯವರ ಮಾತನ್ನೇ ಎತ್ತಿಹಿಡಿಯಿತು. ಸರ್ಕಾರದ ಹಣ, ವಿದೇಶಿ ತಜ್ಞ, ನೂರಾರು ಪ್ರಯೋಗ ಎಲ್ಲವೂ ಇದ್ದರೂ ತೀರ್ಮಾನ ಪೂರ್ಣ ಸತ್ಯವಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ, ಹಗುರ ಪ್ರಮಾಣದ ಕ್ಲೋರೋಫಾರ್ಮ್ ಕೂಡ ಹೃದಯದ ಬಡಿತವನ್ನು ಮಾರಕವಾಗಿ ಅಸ್ತವ್ಯಸ್ತಗೊಳಿಸಬಲ್ಲದು ಎಂದು ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನಾಡಿಯನ್ನು ಕಡೆಗಣಿಸುವಂತಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು.

ಹೈದರಾಬಾದ್‌ನಲ್ಲಿ ಅಪಾರ ಹಾನಿ ಮಾಡಿದ 1908ರ ಮೂಸಿ ನದಿಯ ಮಹಾಪ್ರವಾಹವನ್ನೂ ಕಂಡ ಮಹಬೂಬ್ ಅಲಿ ಖಾನ್, 1911ರ ಆಗಸ್ಟ್ 29ರಂದು ನಿಧನರಾದರು. ತಮ್ಮ ಸಂಸ್ಥಾನ ಪೋಷಿಸಿದ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದೂ ಅದೇ ವರ್ಷ.