ದಡ್ಡರೆನಿಸಿಕೊಂಡವರ ಗುರುಮಾತೆ ಮರಿಯಾ ಮಾಂಟೆಸ್ಸರಿ

ಇಟಲಿಯಲ್ಲಿ 1870ರಲ್ಲಿ ಜನಿಸಿದ ಮರಿಯಾ ಮಾಂಟೆಸ್ಸರಿಯವರು 1896ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದರು. ಮಂದಮತಿಗಳೆಂದು ಮನೋರೋಗಿಗಳ ಆಸ್ಪತ್ರೆಗಳಲ್ಲಿ ಕೂಡಿಹಾಕಲ್ಪಟ್ಟಿದ್ದ ಮಕ್ಕಳನ್ನು ಕಂಡು, ಆ ಎಳೆಯರಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ವಿದ್ಯೆಯೆಂದು ಮನಗಂಡರು. 1900ರಲ್ಲಿ ಅಂಥವರಿಗಾಗಿ ತೆರೆದ ಶಾಲೆಯ ಹೊಣೆ ಹೊತ್ತು, ಮರದ ಅಕ್ಷರಗಳನ್ನು ಬೆರಳಿನಿಂದ ಸವರಿಸಿ ಓದುಬರಹ ಕಲಿಸಿದರು. ಕೆಲವರು ಇತರ ಮಕ್ಕಳೊಡನೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಜನರು ಬೆರಗಾದರು, ಮರಿಯಾರವರಾದರೋ, ಆರೋಗ್ಯವಂತ ಮಕ್ಕಳು ಇವರನ್ನು ಮೀರದಿರಲು ಕಾರಣವೇನೆಂದು ಚಿಂತಿಸಿದರು. 1907ರ ಮೂರು ರಾಯರ ಹಬ್ಬದಂದು ರೋಮಿನ ಬಡಕೇರಿಯೊಂದರಲ್ಲಿ ಶಿಶುನಿವಾಸವನ್ನು ಆರಂಭಿಸಿದರು. 1939ರಲ್ಲಿ ಭಾರತಕ್ಕೂ ಬಂದು ಮದ್ರಾಸಿನಲ್ಲಿ ಶಿಕ್ಷಕರಿಗೆ ತರಬೇತಿಯಿತ್ತ ಅವರು 1952ರಲ್ಲಿ ಹಾಲೆಂಡಿನಲ್ಲಿ ದೈವಾಧೀನರಾದರು.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಗುವನ್ನು ದಡ್ಡನೆಂದು ಜರೆಯುವ ಮುನ್ನ, ನಾವು ಕಲಿಸುವ ಬಗೆಯನ್ನೇ ಪರೀಕ್ಷಿಸಿಕೊಳ್ಳೋಣ.