ಬೆಳಕಿನ ಸಾಧಕ ಸರ್ ಸಿ. ವಿ. ರಾಮನ್

ರಾಜ್ಯೋತ್ಸವದ ತಿಂಗಳಾದ ನವೆಂಬರಿನಲ್ಲಿ ನಾವು ನೆನೆಯಬೇಕಾದ ಹಿರಿಯರು ಹಲವರಿದ್ದಾರೆ. ಅವರಲ್ಲಿ ಒಬ್ಬರು ಹುಟ್ಟಿದ್ದೂ ಇದೇ ತಿಂಗಳಿನಲ್ಲಿ, ಕಾಲವಾದದ್ದೂ ಇದೇ ತಿಂಗಳಿನಲ್ಲಿ. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್. ಕನ್ನಡನಾಡನ್ನು ಬಿಟ್ಟು, ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ಈ ನಗರಕ್ಕೆ ಬಂದು ನೆಲೆಸಿದವರು ನಾವು. ತಮಿಳುನಾಡಿನಲ್ಲಿ ಹುಟ್ಟಿ, ಈ ನಗರದಲ್ಲಿ ಓದಿ, ಕಡೆಗೆ ಬೆಂಗಳೂರನ್ನೇ ಮನೆಯಾಗಿ ಮಾಡಿಕೊಂಡವರು ಅವರು. ನಾವು ಬಂದ ದಾರಿಯಲ್ಲಿಯೇ ಎದುರು ದಿಕ್ಕಿಗೆ ನಡೆದುಹೋದ ಈ ಮಹನೀಯರ ಬಾಳನ್ನು ನಮ್ಮ ಮಕ್ಕಳ ಮುಂದಿಡುವುದು ಈ ಸಂಚಿಕೆಗೆ ಒಪ್ಪುವ ಕೆಲಸವೆಂದು ಭಾವಿಸಿದ್ದೇವೆ.

ರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಾಯಿ ಪಾರ್ವತಿ ಅಮ್ಮಾಳ್. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಅಧ್ಯಾಪಕರಾದ್ದರಿಂದ ಬಾಲಕನ ವಿದ್ಯಾಭ್ಯಾಸ ಅಲ್ಲಿಯೇ ಆರಂಭವಾಯಿತು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದಾಗ ಅವರಿನ್ನೂ ಹುಡುಗ. 1904ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಭೌತಶಾಸ್ತ್ರದ ಚಿನ್ನದ ಪದಕವನ್ನೂ ಪಡೆದರು.

ಇಂಥ ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಬೇಕೆಂದು ಹಿರಿಯರು ಬಯಸಿದ್ದು ಸಹಜವೇ. ಆದರೆ ಮದರಾಸಿನ ಸರ್ಕಾರಿ ವೈದ್ಯರು ಪರೀಕ್ಷಿಸಿ, ಈ ಬಡಕಲು ದೇಹ ಅಲ್ಲಿನ ಚಳಿಯನ್ನು ತಾಳಲಾರದೆಂದು ತಡೆದರು. ಹೀಗಾಗಿ ರಾಮನ್ ಇಲ್ಲಿಯೇ ಉಳಿದು ಎಂ. ಎ. ತರಗತಿಗೆ ಸೇರಿದರು. ಮರೀನಾ ಕಡಲತೀರಕ್ಕೆ ಎದುರಾಗಿರುವ ಅದೇ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಗಾಜಿನ ಮುಮ್ಮೂಲೆ ಪಟ್ಟಕವೊಂದರ ಕೋನವನ್ನು ಅಳೆಯುತ್ತಿದ್ದಾಗ, ಬೆಳಕು ಓರೆಯಾಗಿ ಬಿದ್ದರೆ ಅದರ ಇಕ್ಕೆಲಗಳಲ್ಲಿ ಕಾಣುವ ಪಟ್ಟಿಗಳು ಸರಿಸಮವಾಗಿರದಿದ್ದುದು ಅವರ ಕಣ್ಣಿಗೆ ಬಿತ್ತು. ಪಾಠದ ಪುಸ್ತಕದಲ್ಲಿ ಇಲ್ಲದ ಆ ಸಂಗತಿಯನ್ನು ಬರೆದು ಕಳುಹಿಸಿದರು. 1906ರ ನವೆಂಬರಿನಲ್ಲಿ ಅದು ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಅವರಿಗಾಗ ಹದಿನೆಂಟು ವರ್ಷ.

ಬೆಳಕು ಒಂದು ವಸ್ತುವನ್ನು ಹೊಕ್ಕಾಗ ಏನಾಗುತ್ತದೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಗಾಳಿಯಿಂದ ನೀರಿಗೋ ಗಾಜಿಗೋ ಓರೆಯಾಗಿ ಇಳಿದ ಬೆಳಕಿನ ವೇಗ ಕುಗ್ಗಿ, ಅದರ ದಾರಿ ಬಾಗುತ್ತದೆ. ಇದೇ ವಕ್ರೀಭವನ. ಲೋಟದ ನೀರಿನಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಇದರಿಂದಲೇ. ನೀರಿನ ವಕ್ರೀಭವನಾಂಕ 1.33, ಸಾಧಾರಣ ಗಾಜಿನದು ಸುಮಾರು 1.5, ವಜ್ರದ್ದು 2.42. ವಜ್ರದೊಳಗೆ ಹೊಕ್ಕ ಬೆಳಕು ಸುಲಭವಾಗಿ ಹೊರಬರಲಾರದೆ ಒಳಗೊಳಗೇ ಪ್ರತಿಫಲಿಸಿ ಕಣ್ಣು ಕೋರೈಸುತ್ತದೆ. ಇನ್ನು ಕೆಲವು ವಸ್ತುಗಳು ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತವೆ. ಉಳಿದ ಬಣ್ಣವೇ ನಮಗೆ ಕಾಣುತ್ತದೆ. ಮಾಣಿಕ್ಯದಲ್ಲಿ ಅಲ್ಪಸ್ವಲ್ಪ ಬೆರೆತಿರುವ ಕ್ರೋಮಿಯಂ, ಹಸಿರು ಮತ್ತು ನೇರಿಳೆ ಬೆಳಕನ್ನು ನುಂಗುವುದರಿಂದ ಆ ಕಲ್ಲು ಕೆಂಪಗಿರುತ್ತದೆ. ಬಾಗುವುದು, ಹೀರಲ್ಪಡುವುದು, ಚದುರುವುದು, ಈ ಮೂರರ ಗುಟ್ಟನ್ನು ಹುಡುಕುವುದರಲ್ಲಿಯೇ ರಾಮನ್ ಅವರ ಆಯುಸ್ಸಿನ ಬಹುಪಾಲು ಕಳೆಯಿತು.

ಆದರೆ ವಿಜ್ಞಾನವನ್ನು ನಂಬಿ ಸಂಸಾರ ನಡೆಸುವ ಕಾಲ ಅದಾಗಿರಲಿಲ್ಲ. 1907ರಲ್ಲಿ ಲೋಕಸುಂದರಿ ಅವರ ಕೈಹಿಡಿದ ರಾಮನ್, ಅದೇ ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಹಗಲು ಲೆಕ್ಕಪತ್ರ, ಬೆಳಗ್ಗೆ ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಪರಿಷತ್ತಿನಲ್ಲಿ ಪ್ರಯೋಗ. ವೀಣೆ, ಮೃದಂಗಗಳ ನಾದವನ್ನೂ ಅವರು ಅಲ್ಲಿ ಪರಿಶೀಲಿಸಿದರು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಗಾಗಿ, ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟುಕೊಟ್ಟರು. ಮನೆಮಂದಿಯ ಹೊಣೆ ಹೊತ್ತ ನಮ್ಮಂಥವರಿಗೆ, ಇದು ಎಷ್ಟು ಕಠಿಣವಾದ ನಿರ್ಧಾರವೆಂದು ಬಿಡಿಸಿ ಹೇಳಬೇಕಾಗಿಲ್ಲ.

1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ, ನಾರ್ಕುಂಡಾ ಹಡಗಿನಲ್ಲಿ ಹಿಂತಿರುಗುತ್ತಿದ್ದಾಗ, ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಕಡಲಿನ ನೀಲಿ ಎಂದರೆ ಆಕಾಶದ ನೀಲಿಯ ಪ್ರತಿಬಿಂಬವೆಂದು ರೇಲಿಯಂಥ ಹಿರಿಯ ವಿದ್ವಾಂಸರೇ ಹೇಳಿದ್ದರು. ರಾಮನ್ ಅವರು ಜೇಬಿನಲ್ಲಿದ್ದ ನಿಕಲ್ ಪಟ್ಟಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ತೀರ್ಮಾನಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂಬುದು ಇಂದು ತಿಳಿದ ಸಂಗತಿ.

ಅಲ್ಲಿಂದ ಏಳು ವರ್ಷ ಎಡೆಬಿಡದ ಶೋಧನೆ ನಡೆಯಿತು. ಶಿಷ್ಯ ಕೆ. ಎಸ್. ಕೃಷ್ಣನ್ ಅವರೊಡನೆ ಮಾಡಿದ ಪ್ರಯೋಗದ ರೀತಿ ಬಹು ಸರಳವಾದುದು. ಸೂರ್ಯನ ಬೆಳಕನ್ನು ನೇರಿಳೆ ಬಣ್ಣದ ಶೋಧಕದ ಮೂಲಕ ಹಾಯಿಸಿ, ಶುದ್ಧ ದ್ರವದ ಮೇಲೆ ಬಿಟ್ಟರು. ಚದುರಿದ ಬೆಳಕನ್ನು ನೋಡುವ ಕಡೆ ಹಸಿರು ಶೋಧಕವನ್ನಿಟ್ಟರು. ಮೊದಲನೆಯದು ಬಿಟ್ಟ ಬೆಳಕನ್ನೆಲ್ಲ ಎರಡನೆಯದು ಹೀರಿಕೊಳ್ಳಬೇಕು, ಕತ್ತಲೆಯೇ ಕಾಣಬೇಕು. ಆದರೂ ಮಂದವಾದ ಬೆಳಕಿನ ಜಾಡೊಂದು ಉಳಿಯಿತು! ಅಣುವಿಗೆ ತಾಗಿದ ಬೆಳಕಿನಲ್ಲಿ ಅತಿ ಸ್ವಲ್ಪ ಭಾಗ, ಅಣುವಿನ ಕಂಪನದೊಡನೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು, ಬಣ್ಣವನ್ನೇ ಬದಲಾಯಿಸಿಕೊಳ್ಳುತ್ತಿತ್ತು. 1928ರ ಫೆಬ್ರವರಿ 28ರಂದು ಪಾದರಸದ ದೀಪ ಮತ್ತು ರೋಹಿತದರ್ಶಕದಿಂದ ಇದು ನಿಶ್ಚಯವಾಯಿತು. ಇದೇ ರಾಮನ್ ಪರಿಣಾಮ. ಆ ವರ್ಷವೇ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬವರೂ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು.

ನಮಗೆ ಅಭಿಮಾನದ ಸಂಗತಿಯೆಂದರೆ, ಈ ಹೊಸ ವಿಕಿರಣದ ವಿಷಯವಾಗಿ ರಾಮನ್ ಅವರು ವಿಸ್ತಾರವಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, ಅದೇ ಮಾರ್ಚ್ 16ರಂದು. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿ ಅವರು ಬೆಂಗಳೂರಿಗೆ ಬಂದರು. ಅಲ್ಲಿ ಭಿನ್ನಾಭಿಪ್ರಾಯ ಬೆಳೆದು, 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಊರು ಬಿಡಲಿಲ್ಲ, 1948ರ ವರೆಗೆ ಪ್ರಾಧ್ಯಾಪಕರಾಗಿಯೇ ದುಡಿದರು.

ಆ ದಿನಗಳ ಶಿಷ್ಯೆಯೊಬ್ಬರನ್ನು ನಾವು ಮರೆಯಬಾರದು. ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೇ ಓದಿ, 1940ರಲ್ಲಿ ಬೆಂಗಳೂರಿಗೆ ಹೋದ ಅನ್ನಾ ಮಣಿ, ವಜ್ರ ಮಾಣಿಕ್ಯಗಳು ಬೆಳಕನ್ನು ಹೀರುವ ಮತ್ತು ಹೊರಸೂಸುವ ಬಗೆಯನ್ನು ಅಳೆದವರು. ಒಂದೊಂದು ಛಾಯಾಚಿತ್ರಕ್ಕೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕಾಗುತ್ತಿತ್ತು. ಐದು ಪ್ರಬಂಧಗಳನ್ನು ಪ್ರಕಟಿಸಿದರೂ, ಎಂ. ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಅವರಿಗೆ ದೊರೆಯಲಿಲ್ಲ. ಆಕೆ ಎದೆಗುಂದದೆ ಹವಾಮಾನ ಶಾಸ್ತ್ರದಲ್ಲಿ ದೊಡ್ಡ ಹೆಸರು ಗಳಿಸಿದರು.

ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ರಾಮನ್ ಅವರು ಸ್ವಂತ ಸಂಶೋಧನಾಲಯವನ್ನು ಕಟ್ಟಿಕೊಂಡರು. ಮೊದಲಿಗೆ ಅಲ್ಲಿ ವಿದ್ಯುತ್ತು ಇರಲಿಲ್ಲ. ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿಕೊಂಡು ಪ್ರಯೋಗ ನಡೆಸಿದರು. ಓಪಲ್ ಕಲ್ಲು, ಮುತ್ತು, ಹೂವಿನ ಬಣ್ಣ, ಎಲ್ಲವೂ ಅವರಿಗೆ ಪಾಠವೇ. 1954ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1970ರ ನವೆಂಬರ್ 21ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ನಡೆದ ಸ್ಥಳದಲ್ಲಿ, ಅದೇ ಸಂಶೋಧನಾಲಯದ ತೋಟದಲ್ಲಿ, ಕಲ್ಲಿನ ಸ್ಮಾರಕವಿಲ್ಲ, ಒಂದು ಮರವಿದೆ.

ಬೆಳಕು ಬೇರೊಂದು ವಸ್ತುವನ್ನು ಹೊಕ್ಕಾಗ ಅದರ ದಾರಿ ಬಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ಆದರೆ ಅದರ ಬಣ್ಣ ಕೆಡುವುದಿಲ್ಲ. ರಾಮನ್ ಅವರು ಕಂಡುಕೊಂಡದ್ದು, ಅದರಲ್ಲಿ ಒಂದಿಷ್ಟು ಭಾಗ ಆ ವಸ್ತುವಿನೊಡನೆ ಕೊಟ್ಟು ತೆಗೆದುಕೊಂಡು ಹೊಸ ಬಣ್ಣ ತಾಳುತ್ತದೆಂಬುದನ್ನು. ನೆಲ ಬದಲಾಯಿಸಿದ ನಮಗೂ ಇದಕ್ಕಿಂತ ಒಳ್ಳೆಯ ಉಪಮಾನ ಸಿಕ್ಕಲಾರದು. ಕನ್ನಡದ ಬಣ್ಣವನ್ನು ಉಳಿಸಿಕೊಂಡು, ಈ ಊರಿನೊಡನೆ ಕೊಡುಕೊಳ್ಳುವಿಕೆಯನ್ನೂ ಬೆಳೆಸೋಣ. ಈ ಹಬ್ಬದ ಒಂದು ಬೆಳಗ್ಗೆ ಮಕ್ಕಳನ್ನು ಮರೀನಾ ತೀರಕ್ಕೆ ಕರೆದೊಯ್ದು, ಕಡಲು ಏಕೆ ನೀಲಿಯೆಂದು ಕೇಳೋಣ. ಬಲಕ್ಕೋ ಎಡಕ್ಕೋ ತಿರುಗಿದರೆ, ಆ ಪ್ರಶ್ನೆ ಕೇಳಿದ ಹುಡುಗ ಓದಿದ ಕಾಲೇಜು ಅಲ್ಲಿಯೇ ಕಾಣುತ್ತದೆ.