ಸುರಪುರದ ಟೇಲರ್ ಸಾಹೇಬರು ಮತ್ತು ಅವರ ಕೈಯಲ್ಲಿ ಬೆಳೆದ ರಾಜ



ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಏಳುತ್ತಿರುವ ಕಟ್ಟಡಗಳ ಬಳಿ ಸ್ವಲ್ಪ ಹೊತ್ತು ನಿಂತರೆ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ಊರು ಯಾವುದೆಂದು ಕೇಳಿದರೆ ಯಾದಗಿರಿ, ಶಹಾಪುರ, ಸುರಪುರ, ಕಕ್ಕೇರಾ ಎಂಬ ಹೆಸರುಗಳು ಬರುತ್ತವೆ. ಇಲ್ಲಿಗೆ ಅವರು ಕೂಲಿಕಾರರಾಗಿ ಬಂದಿರಬಹುದು. ಆದರೆ ಅವರ ನಾಡಿಗೆ ಒಂದು ದೊಡ್ಡ ಚರಿತ್ರೆ ಇದೆ. ಕಕ್ಕೇರಾ ಇರುವ ಸುರಪುರ ಸೀಮೆಯನ್ನು ಒಂದು ಕಾಲದಲ್ಲಿ ಬೇಡ ನಾಯಕರ ಮನೆತನ ಆಳುತ್ತಿತ್ತು. 1705ರಲ್ಲಿ ಮುದುಕನಾಗಿದ್ದ ಔರಂಗಜೇಬನು ತಾನೇ ಸೈನ್ಯದೊಂದಿಗೆ ಬಂದು ಈ ನಾಯಕರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಅಂಥ ಗಟ್ಟಿ ಜನ ಅವರು.

ಈ ಸಲ ಆ ನಾಡಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಅಧಿಕಾರ ನಡೆಸಿದ ಒಬ್ಬ ಪರದೇಶಿಯ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅವರ ಹೆಸರು ಫಿಲಿಪ್ ಮೆಡೋಸ್ ಟೇಲರ್. ಅವರ ಜೀವನದ ಉದ್ದಕ್ಕೂ ಒಂದು ಪ್ರಶ್ನೆ ಹರಿದು ಬರುತ್ತದೆ. ಆಳುವವನ ಮನಸ್ಸು ಹಿಡಿತದಲ್ಲಿ ಇಲ್ಲದಿದ್ದರೆ, ಪಕ್ಕದಲ್ಲಿರುವ ಜವಾಬ್ದಾರಿಯುತ ಅಧಿಕಾರಿ ಅವನನ್ನು ತಡೆಯಬಲ್ಲನೇ? ಇದು ಅರಮನೆಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಅಲ್ಲ ಎಂಬುದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಅಂಗಡಿ ಕೆಲಸಕ್ಕೆ ಬಂದ ಹುಡುಗ

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ. 1824ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಮುಂಬಯಿಯ ಒಂದು ವ್ಯಾಪಾರ ಸಂಸ್ಥೆಯಲ್ಲಿ ಕೆಲಸ ಮಾಡಲು ಹಡಗು ಹತ್ತಿ ಬಂದರು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಪರಿಚಯದವರ ನೆರವಿನಿಂದ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು.

ಅವರು ಕೊನೆಯವರೆಗೂ ಈಸ್ಟ್ ಇಂಡಿಯಾ ಕಂಪೆನಿಯ ಖಾಯಂ ಅಧಿಕಾರಿಗಳ ಸಾಲಿಗೆ ಸೇರಿದವರಲ್ಲ, ನಿಜಾಮರ ನೌಕರಿಯವರು. ಮೇಲಿನವರ ಕಣ್ಣಲ್ಲಿ ಸ್ವಲ್ಪ ಕೆಳಗಿನವರು. ಆ ಕೊರತೆಯನ್ನು ಅವರು ಕಲಿಕೆಯಿಂದ ತುಂಬಿಕೊಂಡರು. ಇಲ್ಲಿನ ಭಾಷೆಗಳನ್ನು ಕಲಿತರು. ಭೂಮಿ ಅಳೆಯುವುದನ್ನು, ಕಟ್ಟಡ ಕಟ್ಟಿಸುವುದನ್ನು, ಕಾನೂನನ್ನು ತಾವೇ ಓದಿ ಕಲಿತರು. ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಪಾಮರ್ ಅವರ ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಭಾರತೀಯಳು. ಹೀಗೆ ಟೇಲರ್ ಅವರಿಗೆ ಈ ದೇಶ ಮನೆಯೊಳಗೂ ಬಂದಿತ್ತು. 1839ರಲ್ಲಿ ಠಕ್ಕರ ಬಗ್ಗೆ ಅವರು ಬರೆದ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾಗಿ ಬಹಳ ಹೆಸರು ತಂದಿತು.

ಸಾಲದಲ್ಲಿ ಮುಳುಗಿದ ಸಂಸ್ಥಾನ

1841ರಲ್ಲಿ ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರ್ ಅವರು ಟೇಲರ್ ಅವರನ್ನು ಸುರಪುರಕ್ಕೆ ಕಳುಹಿಸಿದರು. ಅಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ನಿಜಾಮರಿಗೆ ಕೊಡಬೇಕಾದ ನಜರಾಣೆ, ಕಪ್ಪ ಎಲ್ಲವೂ ಬಾಕಿ ಬಿದ್ದು ಬೆಟ್ಟದಷ್ಟು ಸಾಲ ಬೆಳೆದಿತ್ತು. ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಬಾಲಕ. ಒಂದು ಕಡೆ ರಾಜನ ತಮ್ಮ ಪಿಡ್ಡ ನಾಯಕರು, ಇನ್ನೊಂದು ಕಡೆ ಬಾಲಕನ ತಾಯಿ ರಾಣಿ ಈಶ್ವರಮ್ಮ. ಅಧಿಕಾರ ಯಾರ ಕೈಯಲ್ಲಿ ಇರಬೇಕೆಂಬ ಜಗಳ ಜೋರಾಗಿತ್ತು. ರಾಣಿ ಬುದ್ಧಿವಂತೆ, ಧೈರ್ಯವಂತೆ, ಆದರೆ ಮಹಾ ಹಠದವರು. ಬೇಡ ಪಡೆಯ ದೊಡ್ಡ ಭಾಗ ಅವರ ಬೆನ್ನಿಗಿತ್ತು.

ಟೇಲರ್ ಬಳಿ ದೊಡ್ಡ ಸೈನ್ಯ ಇರಲಿಲ್ಲ. ತೋಪು ಹಾರಿಸಿ ಬಗೆಹರಿಸಲು ಹೊರಟಿದ್ದರೆ ಸುರಪುರದ ಬೆಟ್ಟಗಳಲ್ಲಿ ನೂರಾರು ಜನ ಸಾಯುತ್ತಿದ್ದರು. ಅವರು ಬೇರೆ ದಾರಿ ಹಿಡಿದರು. ಬೇಡರ ಮುಖಂಡರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿದರು. ರಾಣಿಯ ಎದುರಿಗೆ ಹೋಗಿ ಕುಳಿತು ಲೆಕ್ಕ ಕೇಳಿದರು. ಬೆದರಿಸಬೇಕಾದಲ್ಲಿ ಬೆದರಿಸಿದರು, ಕಾಯಬೇಕಾದಲ್ಲಿ ಕಾದರು. ಕೊನೆಗೆ ಯುದ್ಧವಿಲ್ಲದೆ ಆಡಳಿತ ಹದಕ್ಕೆ ಬಂತು. ಬಾಲಕ ರಾಜ ಟೇಲರ್ ಅವರ ಪಾಲನೆಗೆ ಬಂದನು. ಮುಂದೆ ಸಂಸ್ಥಾನದ ಪೂರ್ಣ ಹೊಣೆಯೂ ಅವರ ಮೇಲೆಯೇ ಬಿತ್ತು.

ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳ ಗುರುತು ಇಂದಿಗೂ ಅಲ್ಲಿ ಇದೆ. ನಾಯಕ ಅರಸರು ಹಿಂದೆ ಕಟ್ಟಿಸಿದ್ದ ಬೋನಾಳ ಕೆರೆಯನ್ನು ಅವರು ಸುಧಾರಿಸಿದರು. ಇಂದು ಅದು ಪಕ್ಷಿಧಾಮ. ರೈತರ ಭೂಮಿ ಅಳತೆ ಮಾಡಿಸಿ ಕಂದಾಯವನ್ನು ಕ್ರಮಕ್ಕೆ ತಂದರು. ರಾಜನಕೋಳೂರು ಮೊದಲಾದ ಕಡೆ ಇರುವ ಪ್ರಾಚೀನ ಶಿಲಾ ಸಮಾಧಿಗಳನ್ನು ಅಗೆದು ನೋಡಿ, ಅಳತೆ ಸಹಿತ ಜಗತ್ತಿಗೆ ತಿಳಿಸಿದರು. ಅವರು ಗುಡ್ಡದ ಮೇಲೆ ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ತಡೆಯುವ ಕೈ ದೂರವಾದಾಗ

ಬಾಲಕ ವೆಂಕಟಪ್ಪ ಟೇಲರ್ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಟೇಲರ್ ಅವರೂ ಮಗನಂತೆ ಪ್ರೀತಿಸಿದರು, ಓದಿಸಿದರು. ಆದರೆ ಪ್ರಾಯಕ್ಕೆ ಬರುತ್ತಿದ್ದಂತೆ ಹುಡುಗನ ಸುತ್ತ ಹೊಗಳುಭಟರು ಸೇರಿಕೊಂಡರು. ಮನಸ್ಸು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಈ ಆತಂಕವನ್ನು ಟೇಲರ್ ತಮ್ಮ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ.

1853ರಲ್ಲಿ ಯುವರಾಜನಿಗೆ ಅಧಿಕಾರ ಒಪ್ಪಿಸಲಾಯಿತು. ಅದೇ ವರ್ಷ ಒಪ್ಪಂದವೊಂದರ ಪ್ರಕಾರ ನಿಜಾಮರು ಹಲವು ಜಿಲ್ಲೆಗಳ ಆಡಳಿತವನ್ನು ಕಂಪೆನಿಗೆ ಬಿಟ್ಟುಕೊಟ್ಟಿದ್ದರು. ಟೇಲರ್ ಅವರನ್ನು ಅವುಗಳಲ್ಲಿ ಒಂದಾದ ನಳದುರ್ಗ ಜಿಲ್ಲೆಗೆ ವರ್ಗ ಮಾಡಲಾಯಿತು. ಅವರು ಬಿಟ್ಟು ಹೋಗುವಾಗ ಆಡಳಿತ ಕ್ರಮದಲ್ಲಿತ್ತು. ಕೆಲವೇ ವರ್ಷಗಳಲ್ಲಿ ಅದು ಸಡಿಲವಾಯಿತು, ಸಾಲ ಮತ್ತೆ ತಲೆ ಎತ್ತಿತು. ಹನ್ನೆರಡು ವರ್ಷ ಕೂಡಿಸಿದ್ದು ಕರಗಲು ನಾಲ್ಕೈದು ವರ್ಷ ಸಾಕಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ತಪ್ಪು ರಾಜನದ್ದು ಮಾತ್ರವೇ? ಟೇಲರ್ ಒಳ್ಳೆಯ ಅಧಿಕಾರಿ, ಸಂಶಯವಿಲ್ಲ. ಆದರೆ ಲೆಕ್ಕ ನೋಡುವುದು, ಬೇಡವೆನ್ನುವುದು, ಬುದ್ಧಿ ಹೇಳುವುದು ಎಲ್ಲವೂ ಅವರೊಬ್ಬರ ಮೇಲೆ ನಿಂತಿತ್ತು. ರಾಜನನ್ನು ಪ್ರಶ್ನಿಸಬಲ್ಲ ಊರಿನವರದೇ ಒಂದು ಮಂಡಳಿ ಬೆಳೆದು ನಿಂತಿರಲಿಲ್ಲ. ಕಂಬ ಕಿತ್ತಾಗ ಚಪ್ಪರ ಕುಸಿಯಿತು.

1858ರ ಫೆಬ್ರವರಿ

1857ರಲ್ಲಿ ಉತ್ತರ ಭಾರತದಲ್ಲಿ ಎದ್ದ ದಂಗೆಯ ಸುದ್ದಿ ದಕ್ಷಿಣಕ್ಕೂ ಹಬ್ಬಿತು. ಟೇಲರ್ ಆಗ ಬೇರಾರ್ ಪ್ರಾಂತ್ಯದಲ್ಲಿ ಇದ್ದರು. ಕೈಯಲ್ಲಿ ಸೈನ್ಯವಿಲ್ಲದೆ, ಜನರ ನಂಬಿಕೆಯ ಬಲದಿಂದಲೇ ಅಲ್ಲಿ ಶಾಂತಿ ಕಾಪಾಡಿದರು. ಆದರೆ ಅವರ ಸುರಪುರ ಉರಿಯಲು ಸಿದ್ಧವಾಗುತ್ತಿತ್ತು. ರಾಜನ ಬಳಿಗೆ ಬಂಡಾಯದ ದೂತರು ಬಂದಿದ್ದಾರೆ, ಅರಬ್ ಮತ್ತು ರೋಹಿಲಾ ಸಿಪಾಯಿಗಳು ಸೇರುತ್ತಿದ್ದಾರೆ ಎಂಬ ವರದಿಗಳು ಹೈದರಾಬಾದಿಗೆ ತಲುಪಿದವು. ರೆಸಿಡೆಂಟ್ ಡೇವಿಡ್‌ಸನ್ ಅವರು ಬುದ್ಧಿ ಹೇಳಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಅವರನ್ನು ಕಳುಹಿಸಿದರು. ರಾಜ ಕಿವಿಗೊಡಲಿಲ್ಲ. ಮೊನ್ನೆ ಬಂದ ಅಪರಿಚಿತ ಅಧಿಕಾರಿಯ ಮಾತಿಗೆ, ಹನ್ನೆರಡು ವರ್ಷ ಸಾಕಿದವರ ಮಾತಿನ ತೂಕ ಎಲ್ಲಿಂದ ಬರಬೇಕು?

1858ರ ಫೆಬ್ರವರಿ 7ರ ರಾತ್ರಿ ಬೇಡ ಪಡೆ ಕ್ಯಾಪ್ಟನ್ ವಿಂಡಮ್ ಅವರ ಶಿಬಿರದ ಮೇಲೆ ಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು. ಕರ್ನಲ್ ಮಾಲ್ಕಮ್ ಅವರ ಪಡೆಯೂ ಬಂದು ಸೇರಿದಾಗ ರಾಜ ಕೆಲವೇ ಸವಾರರೊಂದಿಗೆ ಕೋಟೆ ಬಿಟ್ಟು ಹೈದರಾಬಾದಿಗೆ ಹೋದನು. ಅಲ್ಲಿ ದಿವಾನ ಸಾಲಾರ್ ಜಂಗ್ ಅವರ ಜನ ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು.

ಟೇಲರ್ ಅವರನ್ನು ಮತ್ತೆ ಸುರಪುರಕ್ಕೆ ನೇಮಿಸಲಾಯಿತು. ಹೋಗುವ ದಾರಿಯಲ್ಲಿ ಅವರು ಸೆರೆಯಲ್ಲಿದ್ದ ರಾಜನನ್ನು ಕಂಡರು. ಹುಡುಗ ಓಡಿ ಬಂದು ಅಪ್ಪಾ ಎಂದು ಅವರನ್ನು ತಬ್ಬಿ ಅತ್ತನು. ಬಂಡಾಯಕ್ಕೆ ಪ್ರೇರೇಪಿಸಿದವರ ಹೆಸರು ಹೇಳಿ ರೆಸಿಡೆಂಟರ ಕ್ಷಮೆ ಬೇಡಿದರೆ ಜೀವ ಉಳಿಯಬಹುದೆಂಬ ಸೂಚನೆ ಅವನ ಮುಂದಿತ್ತು. ಅವನು ಒಪ್ಪಲಿಲ್ಲ. ಜೊತೆಯವರನ್ನು ಹಿಡಿದುಕೊಟ್ಟು ಬದುಕಲು ಅವನಿಗೆ ಮನಸ್ಸಿರಲಿಲ್ಲ. ಕಳ್ಳನಂತೆ ನೇಣಿಗೇರಿಸುವ ಬದಲು ತೋಪಿನ ಬಾಯಿಗೆ ಕಟ್ಟಲಿ ಎಂದು ಮಾತ್ರ ಕೇಳಿಕೊಂಡನು. ಚಂಚಲ ಎಂದು ಅಧಿಕಾರಿಗಳು ಬರೆದಿಟ್ಟ ಆ ಯುವಕ ಕೊನೆಯ ಗಳಿಗೆಯಲ್ಲಿ ಅಲುಗಲಿಲ್ಲ. ಸುರಪುರದ ಜನ ಇಂದಿಗೂ ಅವನನ್ನು ಸ್ವಾತಂತ್ರ್ಯ ವೀರನೆಂದು ನೆನೆಯುತ್ತಾರೆ.

ಸೇನಾ ನ್ಯಾಯಮಂಡಳಿ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಅದನ್ನು ಗಡೀಪಾರಿಗೆ ಇಳಿಸಿದರು. ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನೂ ಇಳಿಸಿ, ಮದ್ರಾಸಿನ ಬಳಿಯ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದು ತೀರ್ಮಾನಿಸಿದರು. ನಡತೆ ಚೆನ್ನಾಗಿದ್ದರೆ ರಾಜ್ಯ ಮರಳಿ ಸಿಗುವ ಆಸೆಯೂ ಇತ್ತು. ಟೇಲರ್ ಈ ಶುಭ ಸುದ್ದಿಯನ್ನು ರಾಣಿಯರಿಗೆ ತಿಳಿಸಿದರು. ಅರಮನೆಯಲ್ಲಿ ಸಂತೋಷ. ಅದರ ಬೆನ್ನಿಗೇ ಇನ್ನೊಂದು ಪತ್ರ ಬಂತು. ಪ್ರಯಾಣದ ಮೊದಲ ಹಂತದಲ್ಲೇ, ಹೈದರಾಬಾದ್ ಸಮೀಪದ ಅಂಬರಪೇಟೆಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ರಾಜ ಸತ್ತಿದ್ದನು. ತಾನೇ ಹೊಡೆದುಕೊಂಡನೆಂದು ಸರ್ಕಾರದ ವರದಿ, ಹೊಡೆದು ಕೊಂದರೆಂದು ಸುರಪುರದವರ ನಂಬಿಕೆ. ಅವನಿಗೆ ಇಪ್ಪತ್ತನಾಲ್ಕು ವರ್ಷ.

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಡುಗೆಯಾಗಿ ಒಪ್ಪಿಸಿದರು. ನಾಯಕರ ಸಂಸ್ಥಾನ ಅಲ್ಲಿಗೆ ಮುಗಿಯಿತು. ಟೇಲರ್ ಅದೇ ವರ್ಷ ಆರೋಗ್ಯ ಕೆಟ್ಟು ತಾಯ್ನಾಡಿಗೆ ಹಿಂತಿರುಗಿದರು. ಅಲ್ಲಿಯೂ ದಖ್ಖನಿನ ಕಥೆಗಳನ್ನೇ ಬರೆದರು. 1875ರಲ್ಲಿ ಇನ್ನೊಮ್ಮೆ ಭಾರತಕ್ಕೆ ಬಂದು, ದೃಷ್ಟಿ ಕಳೆದುಕೊಂಡು, 1876ರಲ್ಲಿ ಹಿಂತಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂಟೋನ್‌ನಲ್ಲಿ ಕಣ್ಣು ಮುಚ್ಚಿದರು. ಅವರ ಆತ್ಮಕಥೆ ಪ್ರಕಟವಾದದ್ದು ಮರುವರ್ಷ.

ನಮಗೆ ಉಳಿಯುವ ಪಾಠ

ಹಾಗಾದರೆ ಅಧಿಕಾರಿ ಆಳುವವನನ್ನು ತಡೆಯಬಲ್ಲನೇ? ಸುರಪುರ ಕೊಡುವ ಉತ್ತರ ಇದು: ತಡೆಯಬಲ್ಲ, ಆದರೆ ಸ್ವಲ್ಪ ಕಾಲ ಮಾತ್ರ. ಪಕ್ಕದಲ್ಲಿರುವಷ್ಟು ದಿನ, ನಂಬಿಕೆ ಉಳಿದಿರುವಷ್ಟು ದಿನ. ಅವನು ಹೊರಟುಹೋದ ಮೇಲೂ ತಡೆ ಉಳಿಯಬೇಕಾದರೆ ಅದು ನಿಯಮದಲ್ಲಿ ಇರಬೇಕು, ಜನರ ಕೈಯಲ್ಲಿ ಇರಬೇಕು. ಇಂಗ್ಲೆಂಡಿನ ರಾಜ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಗೆ ಒಳಗಾದಾಗ 1811ರಲ್ಲಿ ಸಂಸತ್ತೇ ಕಾನೂನು ಮಾಡಿ ಮಗನಿಗೆ ಅಧಿಕಾರ ವಹಿಸಿತು. ಅಮೆರಿಕಾದವರು 1967ರಲ್ಲಿ ತಮ್ಮ ಸಂವಿಧಾನಕ್ಕೆ ತಿದ್ದುಪಡಿ ತಂದು, ಅಧ್ಯಕ್ಷ ಅಸಮರ್ಥನಾದರೆ ಏನು ಮಾಡಬೇಕೆಂದು ಬರೆದಿಟ್ಟರು. ನಮ್ಮ ಸಂವಿಧಾನವೂ ಮಂತ್ರಿಮಂಡಲವನ್ನು ಶಾಸನಸಭೆಗೆ ಹೊಣೆ ಮಾಡಿದೆ.

ಇನ್ನೊಂದು ಮಾತನ್ನೂ ಮರೆಯಬಾರದು. ತಡೆಯುವವನು ಯಾರ ಹಿತಕ್ಕಾಗಿ ತಡೆಯುತ್ತಿದ್ದಾನೆ? ಟೇಲರ್ ಅವರಿಗೆ ರೈತರ ಮೇಲೆ, ಹುಡುಗನ ಮೇಲೆ ನಿಜವಾದ ಪ್ರೀತಿ ಇತ್ತು. ಆದರೂ ಅವರನ್ನು ಕಳುಹಿಸಿದ್ದು ಸಾಲ ವಸೂಲಿಗೆ ಕಾದಿದ್ದ ದೊಡ್ಡ ಶಕ್ತಿಗಳು. ರಾಜನ ಕಥೆ ನಮಗೆ ಹೆಚ್ಚಾಗಿ ತಿಳಿದಿರುವುದೂ ಅವನನ್ನು ತಡೆಯಲು ಬಂದವರ ಲೇಖನಿಯಿಂದಲೇ. 

ನಮ್ಮಲ್ಲಿ ಅನೇಕರು ಸಂಘ, ಶಾಲೆ, ಸಹಕಾರಿ ಬ್ಯಾಂಕು, ಸಮಿತಿಗಳಲ್ಲಿ ಕಾರ್ಯದರ್ಶಿಯೋ ಖಜಾಂಚಿಯೋ ಆಗಿ ದುಡಿಯುವವರು. ಮುಖ್ಯಸ್ಥರು ದಾರಿ ತಪ್ಪುವುದನ್ನು ಕಂಡಾಗ ಸುಮ್ಮನಿರುವುದು ಸುಲಭ, ಬೆನ್ನ ಹಿಂದೆ ಆಡಿಕೊಳ್ಳುವುದು ಇನ್ನೂ ಸುಲಭ. ಎದುರಿಗೆ ಕುಳಿತು ಲೆಕ್ಕ ಕೇಳುವುದು, ಬೇಡವೆಂದು ಹೇಳುವುದು, ಆಮೇಲೂ ಪ್ರೀತಿ ಉಳಿಸಿಕೊಳ್ಳುವುದು ಕಷ್ಟ. ಟೇಲರ್ ಅದನ್ನು ಮಾಡಿದರು. ಆದರೆ ತಮ್ಮ ನಂತರ ಅದನ್ನು ಮಾಡುವವರನ್ನು ಬೆಳೆಸಿ ಹೋಗಲು ಅವರಿಗೆ ಆಗಲಿಲ್ಲ. ಅದರ ಬೆಲೆಯನ್ನು ತೆತ್ತವನು ಇಪ್ಪತ್ತನಾಲ್ಕರ ಆ ಯುವಕ.

ಮುಂದಿನ ಸಲ ಕಕ್ಕೇರಾ ಕಡೆಯ ಕೆಲಸಗಾರರು ನಿಮ್ಮ ಅಂಗಳಕ್ಕೆ ಬಂದರೆ, ಸುರಪುರದ ರಾಜನ ಬಗ್ಗೆ ಒಂದು ಮಾತು ಕೇಳಿ ನೋಡಿ. ಟೇಲರ್ ಸಾಹೇಬರ ಪುಸ್ತಕದಲ್ಲಿ ಇಲ್ಲದ ಕಥೆ ಅವರ ಬಾಯಲ್ಲಿ ಇರಬಹುದು.